ಕೂಸಿಲ್ಲದ ಬಾಣಂತಿ

ಹಾಲು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಐದನೆಯ ತಿಂಗಳಲ್ಲಿ ಬಸಿರು ಇಳಿದುಹೋಗಿ, ಆಸ್ಪತ್ರೆಯಿಂದ ಮುದ್ದೇಬಿಹಾಳದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಒಂದು ಮಧ್ಯಾಹ್ನ ಎಚ್ಚರವಾದಾಗ ಜಂಪರು ಎದೆಯ ಮೇಲೆ ತೊಯ್ದು ತಣ್ಣಗಾಗಿತ್ತು. ಬೆವರಿರಬೇಕು ಅಂದುಕೊಂಡೆ. ಎಳ್ಳ ಅಮಾವಾಸ್ಯೆ ಹತ್ತಿರ ಬಂದ ಚಳಿಯ ದಿನಗಳಲ್ಲಿ ಎಲ್ಲಿಯ ಬೆವರು! ಮುಟ್ಟಿ ನೋಡಿಕೊಂಡಾಗ ತಿಳಿಯಿತು. ಆಗಲೂ ಒಂದು ಕ್ಷಣ ನಂಬಿಕೆ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರತಿ ವರ್ಷ ಹತ್ತನೆಯ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡುತ್ತೇನೆ, ಹುಡುಗರು ಕಿಸಕ್ಕನೆ ನಗುವ ಮೊದಲು ಗಡಬಡಿಸಿ ಮುಗಿಸುತ್ತೇನೆ. ಕೂಸು ಉಳಿಯಲಿಲ್ಲ ಎನ್ನುವ ಸುದ್ದಿ ಎದೆಗೆ ಮುಟ್ಟುವುದಿಲ್ಲ, ಅದು ತನ್ನ ಪಾಡಿಗೆ ತನ್ನ ಕೆಲಸ ಸುರುಮಾಡುತ್ತದೆ ಎಂಬ ಮಾತು ನಮ್ಮ ಪಾಠದಲ್ಲಿ ಇರಲಿಲ್ಲ.

ಪಕ್ಕದ ಮನೆಯಲ್ಲಿ ಒಂದು ಹಸುಗೂಸು ಇತ್ತು. ಅದು ಅತ್ತಾಗಲೆಲ್ಲ ನನ್ನ ಎದೆ ಜುಮ್ಮೆಂದು ಹರಿಯುತ್ತಿತ್ತು. ನನ್ನ ಮೈ ಮೇಲೆ ನನಗೇ ಸಿಟ್ಟು ಬಂತು. ಇಷ್ಟು ದಿನ ಹೊತ್ತದ್ದನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ, ಈಗ ಕಂಡವರ ಕೂಸಿಗೆ ಓಗೊಡುತ್ತೀಯಲ್ಲ ಎಂದು ಬಚ್ಚಲಲ್ಲಿ ನಿಂತು ಬೈದುಕೊಂಡೆ. ಬೈಯುತ್ತಲೇ ಹಿಂಡಿ ಚೆಲ್ಲಿದೆ. ಹಿಂಡಿದಷ್ಟೂ ಮತ್ತೆ ತುಂಬಿಕೊಳ್ಳುತ್ತಿತ್ತು.

ಈ ಮಾತನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದ ಅತ್ತೆ ತಮ್ಮೂರು ಗೊಳಸಂಗಿಗೆ ಹೋಗಿಬಿಟ್ಟಿದ್ದರು. ತೊಗರಿ ರಾಶಿ ಬಾಕಿ ಇತ್ತು, ಮೇಲೆ ಎಳ್ಳ ಅಮಾವಾಸ್ಯೆಯ ಚರಗ ಇತ್ತು. ಆ ದಿನ ನಮ್ಮ ಕಡೆ ಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಬೆಳೆಯ ಸುತ್ತ ಅಡುಗೆಯ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ಬಸುರಾದ ಭೂಮಿತಾಯಿಗೆ ಬಯಕೆ ತೀರಿಸುವ ಹಬ್ಬ ಅದು. ಬಸಿರು ಇಳಿದವಳು ಆ ಹೊಲಕ್ಕೆ ಕಾಲಿಡಬಾರದು ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅತ್ತೆ ಕೈಚೀಲ ಹಿಡಿದು ಹೊರಟಾಗ, "ನೀ ಇಲ್ಲೇ ಬಿದ್ಕೊಂಡಿರವಾ, ಥಂಡಿ ಐತಿ" ಅಂದರು. ಅದರಲ್ಲೇ ಎಲ್ಲ ಬಂತು.

ಆ ಹೊಲದಲ್ಲಿಯೇ ನನ್ನ ಕೂಸನ್ನು ಮಣ್ಣು ಮಾಡಿದ್ದರು.

ಅದು ಗಂಡೋ ಹೆಣ್ಣೋ ನನಗೆ ಗೊತ್ತಿರಲಿಲ್ಲ. ಹೆರಿಗೆ ಕೋಣೆಯಲ್ಲಿ ನಾನು ತಲೆ ಎತ್ತಲು ಹೋದಾಗ ಅತ್ತೆ ಸೆರಗಿನಿಂದ ನನ್ನ ಕಣ್ಣು ಮುಚ್ಚಿದರು. "ನೋಡಬ್ಯಾಡ ನಮ್ಮವ್ವ. ನೋಡಿದ್ರ ಕಣ್ಣಾಗ ಕುಂದರತೈತಿ." ಆ ಕೈಯನ್ನು ತಳ್ಳಲು ನನಗೆ ಮನಸ್ಸಾಗಲಿಲ್ಲ. ಸೆರಗು ತೆಗೆದಾಗ ಕೋಣೆ ಖಾಲಿ ಆಗಿತ್ತು. ಗಂಡ ಮತ್ತು ಮೈದುನ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದರು. ಕೇಳಿದರೆ ಒಂದೇ ಒಂದು ಶಬ್ದದ ಉತ್ತರ. ಆದರೆ ಕೇಳುವುದು ಹೇಗೆ? ಎಲ್ಲರೂ ಸೇರಿ ಅದನ್ನು ಏನೂ ಅಲ್ಲದ ಹಾಗೆ ಮಾಡಿಟ್ಟಿದ್ದರು. ಏನೂ ಅಲ್ಲದ್ದು ಗಂಡೋ ಹೆಣ್ಣೋ ಎಂದು ಯಾರು ಕೇಳುತ್ತಾರೆ?

ನೋಡಲು ಬಂದ ಹೆಂಗಸರು ಕೂತು ಚಹಾ ಕುಡಿದು ಕಾರಣ ಹುಡುಕಿಕೊಟ್ಟು ಹೋದರು. ಒಬ್ಬರು ಪಪ್ಪಾಯಿ ಅಂದರು. ಇನ್ನೊಬ್ಬರು ನಾನು ಕೊಡ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದರಂತೆ. ನಾನು ತರಬೇತಿಗೆಂದು ಸಿಂದಗಿಗೆ ಬಸ್ಸಿನಲ್ಲಿ ಹೋಗಿಬಂದದ್ದು ಎಲ್ಲರಿಗೂ ನೆನಪಿತ್ತು. "ಆ ಧಕ್ಕಿಗೇ ಆಗೈತಿ ನೋಡ್ರಿ." ಎಲ್ಲರ ಕೊನೆಯ ಮಾತು ಒಂದೇ, "ಚಿಂತಿ ಮಾಡಬ್ಯಾಡ, ಮತ್ತೊಂದ ಅಕ್ಕೈತಿ." ಒಡೆದ ಕಪ್ಪಿಗೆ ಹೇಳುವ ಮಾತು. ಈಗ ನನಗೊಬ್ಬ ಮಗ ಇದ್ದಾನೆ, ಮನೆ ತುಂಬ ಓಡಾಡುತ್ತಾನೆ. ಆದರೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ಅವನು ಮತ್ತೊಂದು ಅಲ್ಲ, ಅವನು ಅವನೇ.

ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ತವರು ಇರುತ್ತದೆ ಅನ್ನುತ್ತಾರೆ. ನನ್ನ ತವರು ಇಂಡಿ ತಾಲೂಕಿನ ಝಳಕಿ, ಹೈವೇ ಮೇಲಿನ ಊರು. ಅಲ್ಲಿ ನನ್ನ ಅಣ್ಣನ ಹೆಂಡತಿಗೆ, ನನ್ನ ವೈನಿಗೆ, ಎಂಟು ತಿಂಗಳು ತುಂಬಿತ್ತು. ಆಕೆಯ ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಹೆರಿಗೆಯೂ ಝಳಕಿಯಲ್ಲೇ, ನಮ್ಮ ಅವ್ವನ ಕೈಯಲ್ಲೇ. ತುಂಬಿದ ಬಸುರಿ ಇರುವ ಮನೆಗೆ ಬಸಿರು ಇಳಿದವಳು ಹೋಗಬಾರದು. ಆ ಮನೆಯವರು ಈ ಮನೆಗೆ ಬರಲೂಬಾರದು. ನೆರಳು ಸುದ್ದಾ ದಾಟಬಾರದು ಅನ್ನುತ್ತಾರೆ. ಹೀಗಾಗಿ ಅವ್ವ ಬರಲಿಲ್ಲ, ನಾನೂ ಹೋಗಲಿಲ್ಲ.

ನನಗೆ ಆ ನಂಬಿಕೆ ಇತ್ತೇ? ತರಗತಿಯಲ್ಲಿ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಆದರೆ ವೈನಿಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ನನ್ನ ಧೈರ್ಯವನ್ನು ಪರೀಕ್ಷೆ ಮಾಡಿ ನೋಡುವಷ್ಟು ದೊಡ್ಡ ಮನುಷ್ಯಳು ನಾನಲ್ಲ. ಅಪ್ಪಿತಪ್ಪಿ ಏನಾದರೂ ಆಗಿದ್ದರೆ ಅದು ಜನ್ಮವಿಡೀ ನನ್ನ ಹೆಸರಿಗೇ ಅಂಟಿಕೊಳ್ಳುತ್ತಿತ್ತು.

ಅವ್ವ ಬರಲಿಲ್ಲ, ಬುತ್ತಿ ಬಂತು. ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರ್. ಆಗ ಅವರಿಗೆ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ, ವಿಜಯಪುರ, ಝಳಕಿ ಮೇಲೆ ಇಂಡಿಗೆ ಹೋಗುವ ಬಸ್ಸು. ರಾತ್ರಿ ಇಂಡಿಯಲ್ಲೇ ಹಾಲ್ಟ್, ಮರುದಿನ ವಾಪಸು. ಬೆಳಿಗ್ಗೆ ಬಸ್ಸು ಝಳಕಿ ಕ್ರಾಸಿಗೆ ಬರುವಷ್ಟರಲ್ಲಿ ಅಣ್ಣ ಮೋಟಾರ್ ಸೈಕಲ್ ಮೇಲೆ ಡಬ್ಬಿ ಇಟ್ಟುಕೊಂಡು ನಿಂತಿರುತ್ತಿದ್ದ. ಕಿಟಕಿಯಿಂದ ಡಬ್ಬಿ ಒಳಗೆ ಬರುತ್ತಿತ್ತು, ಸೀಟಿ ಊದಿದ ಮೇಲೆ ಬಸ್ಸು ಮುಂದೆ. ಕಾಲೇಜು ಹುಡುಗರಿಗೆ ಊರಿಂದ ರೊಟ್ಟಿ ಬುತ್ತಿ ಬರುವುದು ನಮ್ಮ ಕಡೆ ಹೀಗೆಯೇ. ಗಂಡ ಮನೆಗೆ ಬಂದು ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, "ನಿಮ್ಮವ್ವ ಕೊಟ್ಟಾರ" ಅಂದು ಸ್ನಾನಕ್ಕೆ ಹೋಗುತ್ತಿದ್ದರು.

ಡಬ್ಬಿ ತೆಗೆದರೆ ಒಳಗೆ ಬಾಣಂತನ ಇರುತ್ತಿತ್ತು. ಅಂಟಿನ ಉಂಡಿ, ಒಣ ಕೊಬ್ಬರಿ, ಉತ್ತತ್ತಿ, ತುಪ್ಪ ಹಾಕಿ ಕಟ್ಟಿದ್ದು. ಅಳವಿ ಬೀಜದ ಪಾಯಸ. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಜಾಸ್ತಿ ಹಾಕಿದ್ದು. ವೈನಿಗೆಂದು ಮುಂಚೆಯೇ ತಂದು ಇಟ್ಟ ಸಾಮಾನಿನಲ್ಲಿ ಅವ್ವ ನನಗೂ ಒಂದು ಪಾಲು ಮಾಡುತ್ತಿದ್ದಳು. ಫೋನಿನಲ್ಲಿ ಆಕೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಡಬ್ಬಿ ಮುಟ್ಟಿತೇನ? ಉಂಡೇನ? ಕಿವ್ಯಾಗ ಹತ್ತಿ ಇಟಗೋ." ಇಷ್ಟೇ. ಇನ್ನೊಂದು ಮಾತು ಮಾತ್ರ ದಿನಾ ಹೇಳುತ್ತಿದ್ದಳು. "ಖಾಲಿ ಡಬ್ಬಿ ಅಲ್ಲೇ ಇರಲಿ, ಹೊಳ್ಳಿ ಕಳಸಬ್ಯಾಡ."

ನಮ್ಮಲ್ಲಿ ಯಾರ ಡಬ್ಬಿಯನ್ನೂ ಇಟ್ಟುಕೊಳ್ಳುವುದಿಲ್ಲ, ಖಾಲಿಯಾಗಿ ಕೊಡುವುದೂ ಇಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕಿ ತಿರುಗಿ ಕೊಡಬೇಕು. ಆದರೆ ನನ್ನ ಕೈ ಮುಟ್ಟಿದ ಡಬ್ಬಿ ಬಸುರಿಯ ಮನೆಗೆ ಹೋಗುವಂತಿರಲಿಲ್ಲ. ಅವನ್ನು ತೊಳೆದು ಒರೆಸಿ ಅಡುಗೆ ಕೋಣೆಯ ನೆಲದ ಮೇಲೆ ಒಂದರ ಪಕ್ಕ ಒಂದು ಇಡುತ್ತಾ ಹೋದೆ. ಸ್ಟೀಲಿನ ಡಬ್ಬಿಗಳು ತೀರಿದ ಮೇಲೆ ಅವ್ವ ಬಿಸ್ಕಿಟಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಕೊನೆಗೆ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸತೊಡಗಿದಳು. ನನ್ನ ತವರಿನ ಅಡುಗೆಮನೆ ಖಾಲಿಯಾಗಿ ನನ್ನ ಮನೆಗೆ ಬಂದಿತ್ತು, ನಾನು ಮಾತ್ರ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಅದನ್ನು ನೋಡುತ್ತಾ ಒಬ್ಬಳೇ ಕೂತು ಉಂಡಿ ತಿನ್ನುತ್ತಿದ್ದೆ. ಹಸಿವಿಲ್ಲದಿದ್ದರೂ ತಿನ್ನುತ್ತಿದ್ದೆ. ನನ್ನನ್ನು ಬಾಣಂತಿ ಎಂದು ಲೆಕ್ಕಕ್ಕೆ ಹಿಡಿದದ್ದು ಆ ಡಬ್ಬಿಗಳು ಮಾತ್ರ.

ಬಾಣಂತಿ ಉಣ್ಣುವುದನ್ನು ಉಂಡರೆ ಬಾಣಂತಿಗೆ ಆಗುವುದೇ ಆಗುತ್ತದೆ. ಅಳವಿ, ಸಬ್ಬಸಿಗೆ, ಬೆಳ್ಳುಳ್ಳಿ ಇವನ್ನೆಲ್ಲ ಹೆತ್ತವಳಿಗೆ ಕೊಡುವುದೇ ಹಾಲು ಇಳಿಯಲಿ ಎಂದು. ಇದು ಅವ್ವನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಕೂಸು ಇಲ್ಲದವಳಿಗೂ ಹಾಲು ಬರುತ್ತದೆ ಎಂಬುದು ಆಕೆಗೆ ಹೊಳೆಯಲೇ ಇಲ್ಲ, ನಾನು ಹೇಳಲೂ ಇಲ್ಲ. ಸೋತ ಮೈಗೆ ಶಕ್ತಿ ಬರಲಿ ಅಂತ ಆಕೆ ಕಳಿಸಿದಳು, ಅವ್ವ ಕಳಿಸಿದ್ದು ಅಂತ ನಾನು ತಿಂದೆ. ಎದೆ ಕಲ್ಲಾಗುತ್ತಾ ಬಂತು. ಮಗ್ಗುಲಾಗಿ ಮಲಗಲೂ ಆಗುತ್ತಿರಲಿಲ್ಲ.

ಶಾಲೆಗೆ ರಜೆಯ ಅರ್ಜಿಯಲ್ಲಿ 'ಜ್ವರ' ಎಂದು ಬರೆದಿದ್ದೆ. ಬಸಿರು ಇಳಿದವರಿಗೆ ಬೇರೆಯೇ ರಜೆ ಇದೆ, ಕೇಳಿದ್ದರೆ ಸಿಗುತ್ತಿತ್ತು. ಆದರೆ ಆ ಕಾಗದ ಸ್ಟಾಫ್ ರೂಮಿನ ಮೇಜಿನ ಮೇಲೆ ಹಾಯ್ದು ಹೋಗಬೇಕಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಅಲ್ಲಿ ಬಸಿರಿನ ಸುದ್ದಿಯನ್ನೇ ಮುಚ್ಚಿಟ್ಟಿದ್ದೆ. ಬಸುರಾದದ್ದನ್ನೇ ಹೇಳದವಳು ಇಳಿದದ್ದನ್ನು ಯಾವ ಬಾಯಿಂದ ಹೇಳಲಿ? ಜ್ವರ ಎಂದು ಬರೆದೆ. ಬರೆದದ್ದಕ್ಕೆ ಮರ್ಯಾದೆ ಕೊಟ್ಟು ಅದು ನಿಜವಾಗಿಯೂ ಬಂತು.

ಮೊದಲು ಸಂಜೆ ಹೊತ್ತು ಮೈ ಬಿಸಿಯಾಗುತ್ತಿತ್ತು. ಎದೆ ಕಟ್ಟಿದ್ದರಿಂದ ಇರಬೇಕು ಅಂದುಕೊಂಡೆ. ಆಮೇಲೆ ಹಲ್ಲು ಕಟಕಟ ಎನ್ನುವ ನಡುಕ. ಇಳಿದ ಮೇಲೆ ಸ್ವಲ್ಪ ದಿನ ರಕ್ತ ಹೋಗುತ್ತದೆ ಎಂದು ಗೊತ್ತಿತ್ತು. ಆದರೆ ಕಡಿಮೆಯಾಗಿದ್ದದ್ದು ಮತ್ತೆ ಹೆಚ್ಚಾಯಿತು, ಬಟ್ಟೆ ಮೇಲೆ ಬಟ್ಟೆ ತೊಯ್ಯತೊಡಗಿತು, ಅದಕ್ಕೊಂದು ಕೆಟ್ಟ ವಾಸನೆ ಇತ್ತು. ಊದಿನಕಡ್ಡಿ ಹಚ್ಚಿ ಕೂತೆ. ಆಸ್ಪತ್ರೆಯಿಂದ ಕಳಿಸುವಾಗ "ಏನರ ಆದ್ರ ಬರ್ರಿ" ಅಂದಿದ್ದರು. ಏನಾದರೂ ಅಂದರೆ ಏನು? ನನಗೆ ಆಗುವುದೆಲ್ಲ ಆಗಿ ಮುಗಿದಿದೆ ಎಂದೇ ನನ್ನ ಲೆಕ್ಕ.

ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವರು ಝಳಕಿಗೆ ಫೋನ್ ಮಾಡುತ್ತಾರೆ, ಅವ್ವ ಎಲ್ಲ ಬಿಟ್ಟು ಓಡಿಬರುತ್ತಾಳೆ, ಬಸುರಿಯ ಮನೆಯಿಂದ ನೇರ ನನ್ನ ಹಾಸಿಗೆಗೆ. ಅದು ಬೇಡವಾಗಿತ್ತು. ಇನ್ನೂ ಒಂದು ಕಾರಣ ಇತ್ತು. ನಮ್ಮಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಜಗಳ ಏನೂ ಇರಲಿಲ್ಲ. ದಿನವಿಡೀ ಬಸ್ಸಿನಲ್ಲಿ ಒದರಿ ಒದರಿ ಮನೆಗೆ ಬಂದ ಮೇಲೆ ಮೊದಲಿಂದಲೂ ಅವರು ಮಾತು ಕಡಿಮೆ. ಈಗ ನನ್ನ ಮುಖ ನೋಡುವುದನ್ನೂ ಬಿಟ್ಟಿದ್ದರು. ಗೊಳಸಂಗಿಗೆ ಹೋಗಿ ಮಣ್ಣು ಮಾಡಿ ಬಂದ ಮರುದಿನವೇ ಡ್ಯೂಟಿಗೆ ಹೋಗಿದ್ದರು. ಆ ಸಿಟ್ಟು ನನ್ನಲ್ಲಿ ಕುದಿಯುತ್ತಿತ್ತು. ಇವರಿಗೆ ಏನೂ ಆಗಿಯೇ ಇಲ್ಲ, ಇವರ ಪಾಲಿಗೆ ಅದೊಂದು ಟ್ರಿಪ್ಪು, ಮುಗಿಯಿತು ಅಂದುಕೊಂಡೆ.

ಒಂದು ಸಂಜೆ ಅವರು ಉಣ್ಣಲು ಕೂತಾಗ ಕೇಳಿಬಿಡಬೇಕು ಎಂದು ಎದುರಿಗೆ ಹೋಗಿ ನಿಂತೆ. ಗಂಡೋ ಹೆಣ್ಣೋ, ಹೇಳ್ರಿ. ಮಾತು ಬಾಯಿವರೆಗೆ ಬಂದಿತ್ತು.

"ಏನು?" ಅಂದರು ತಟ್ಟೆಯಿಂದ ಮುಖ ಎತ್ತದೆ.

"ಇನ್ನೊಂದ ರೊಟ್ಟಿ ಹಾಕ್ಲೇನ್ರಿ?"

"ಹಾಕು."

ಮಾತು ಬೆಳ್ಳಿ, ಮೌನ ಬಂಗಾರ ಎಂದು ಶಾಲೆಯ ಗೋಡೆಯ ಮೇಲೆ ಬರೆಸಿದ್ದಾರೆ. ಆ ಬಂಗಾರ ನನ್ನ ಜೀವ ತೆಗೆಯುವುದಿತ್ತು.

ಮರುದಿನ ಅವರು ಇಂಡಿಗೆ ಹೋದ ಮೇಲೆ ಹಿತ್ತಲಿನಲ್ಲಿ ಬಟ್ಟೆ ಹಿಂಡಲು ಬಗ್ಗಿದವಳಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದು ಕೂತೆ. ಕಾಲಿನ ಗುಂಟ ಬಿಸಿಯಾಗಿ ಇಳಿಯಿತು. ಕೂತಲ್ಲೇ ಬಿದ್ದರೆ ನಾಳೆ ಅವರು ಬರುವತನಕ ಯಾರಿಗೂ ತಿಳಿಯುವುದಿಲ್ಲ ಎಂಬುದು ಬಹಳ ಸ್ಪಷ್ಟವಾಗಿ ಗೊತ್ತಾಯಿತು. ಸಾಯಬಾರದು ಎಂದು ನನಗೆ ಅನ್ನಿಸಿದ್ದು ಆಗಲೇ. ಅದಕ್ಕೂ ಮುಂಚಿನ ದಿನಗಳಲ್ಲಿ, ನಿಜ ಹೇಳುತ್ತೇನೆ, ಎರಡೂ ಒಂದೇ ಅನ್ನಿಸಿತ್ತು.

ಬೀಗ ಹಾಕಿ ಓಣಿಯ ತುದಿಯವರೆಗೆ ನಡೆದೆ. ಆಟೋದ ಸೀಟಿಗೆ ಕಲೆ ಹತ್ತಬಾರದೆಂದು ಟವೆಲ್ ಮಡಚಿ ಹಾಸಿಕೊಂಡು ಕೂತೆ. ಅಂಥ ಹೊತ್ತಿನಲ್ಲೂ ಆ ಶಿಸ್ತು ಬಿಟ್ಟುಹೋಗಲಿಲ್ಲ. "ಎಲ್ಲಿಗ್ರಿ ಟೀಚರ್?" ಅಂದ ಆಟೋದವನು. ತಾಲೂಕು ಆಸ್ಪತ್ರೆ ಅಂದೆ. "ಯಾರಿಗ್ರಿ ಆರಾಮಿಲ್ಲ?" ಅಂದ. ನನಗೇ ಎಂದು ಹೇಳುವಾಗ ಅಳು ಬಂತು. ಎಷ್ಟೋ ದಿನಗಳ ಮೇಲೆ ಒಬ್ಬರು ಕೇಳಿದ್ದರು.

ಆಸ್ಪತ್ರೆಯ ಡಾಕ್ಟರು ಹೆಣ್ಣುಮಗಳು, ಬಾಯಿ ಸ್ವಲ್ಪ ಜೋರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು.

"ಜ್ವರ ಬಂದು ಎಷ್ಟು ದಿನಾ ಆತು?"

ಹೇಳಿದೆ.

"ವಾಸನಿ ಬರಾಕತ್ತಿತ್ತೇನು?"

ತಲೆ ಆಡಿಸಿದೆ.

"ಮತ್ತ ಯಾರಿಗೆ ಕಾಯಾಕತ್ತಿದ್ರಿ? ಗರ್ಭಚೀಲದಾಗ ಚೂರು ಉಳದೈತಿ, ನಂಜ ಏರೈತಿ. ಒಮ್ಮೊಮ್ಮೆ ಉಳೀತೈತಿ, ಅದು ಯಾರ ತಪ್ಪೂ ಅಲ್ಲ. ಆದ್ರ ಜ್ವರ ಬಂದ್ರ, ವಾಸನಿ ಬಂದ್ರ, ರಕ್ತ ಜಾಸ್ತಿ ಹೋದ್ರ ಅವತ್ತ ಬರಬೇಕು. ಮರುದಿನ ಅಲ್ಲ, ಅವತ್ತ. ಇನ್ನ ಸ್ವಲ್ಪ ತಡಾ ಆಗಿದ್ರ ನಿಮ್ಮ ಕೂಡ ಮಾತಾಡಾಕ ನಾ ಇರ್ತಿದ್ದೆ, ನೀವು ಇರ್ತಿದ್ದಿಲ್ಲ."

ಗರ್ಭಚೀಲ ಸ್ವಚ್ಛ ಮಾಡಿದರು, ರಕ್ತ ಏರಿಸಿದರು, ಸೂಜಿಯ ಮೇಲೆ ಸೂಜಿ ಹಾಕಿದರು. ನನ್ನನ್ನು ಮಲಗಿಸಿದ್ದು ಬಾಣಂತಿಯರ ವಾರ್ಡಿನಲ್ಲಿ, ಬೇರೆ ಕಡೆ ಹಾಸಿಗೆ ಇರಲಿಲ್ಲ. ನನ್ನ ಎಡಬಲದಲ್ಲಿ ಕೂಸುಗಳು ಅಳುತ್ತಿದ್ದವು. ಪಕ್ಕದ ಹಾಸಿಗೆಯವಳು ನನ್ನ ಸಂಗತಿ ಗೊತ್ತಾದ ಮೇಲೆ ತನ್ನ ಕೂಸಿನ ಮುಖದ ಮೇಲೆ ಬಟ್ಟೆ ಎಳೆದು ಆ ಕಡೆ ಹೊರಳಿದಳು. ನಾನು ಅವಳನ್ನು ಬೈಯಲಾರೆ. ನಾನೇ ವೈನಿಯನ್ನು ನನ್ನಿಂದ ಕಾಯುತ್ತಿದ್ದೆನಲ್ಲ.

ಸಂಜೆ ರೌಂಡಿಗೆ ಬಂದಾಗ ಡಾಕ್ಟರಿಗೆ ಸ್ವಲ್ಪ ಪುರುಸೊತ್ತಿತ್ತು. ನನ್ನ ಬಾಯಿಯಿಂದ ಪಪ್ಪಾಯಿ, ಕೊಡ, ಸಿಂದಗಿಯ ಬಸ್ಸು ಎಲ್ಲ ಹೊರಬಂದವು. ಅವರು ಹಾಸಿಗೆಯ ತುದಿಗೆ ಕೂತರು.

"ಟೀಚರ್ ಅದೀರಲ್ಲ ನೀವು? ಕೊಡ ಎತ್ತಿದ್ರ ಬೀಳೂಹಂಗಿದ್ರ ನಮ್ಮ ತಾಲೂಕಿನ್ಯಾಗ ಒಂದು ಕೂಸರ ಹುಟ್ಟತಿತ್ತೇನು? ಬಾಳ ಮಂದಿಗೆ ಹಿಂಗ ಅಕ್ಕೈತಿ, ಯಾರೂ ಬಾಯಿ ಬಿಡೂದಿಲ್ಲ, ಅದಕ್ಕ ನಿಮಗ ಒಬ್ಬರಿಗೇ ಆಗೈತಿ ಅನ್ನಸ್ತೈತಿ. ಮೊದಲ ಮೂರ ತಿಂಗಳೊಳಗ ಹೋದ್ರ ಬಾಳ ಸಲ ಕೂಸು ಕಟ್ಟೂದ್ರಾಗ ಹೆಚ್ಚುಕಮ್ಮಿ ಆಗಿರತೈತಿ. ಐದನೇ ತಿಂಗಳದ್ದಕ್ಕ ಬ್ಯಾರೆ ಕಾರಣಾ ಇರತಾವ. ಚೀಲದ ಬಾಯಿ ಸಡಲ ಇರಬಹುದು, ನಂಜ ಇರಬಹುದು, ಬಿಪಿ, ಶುಗರ್ ಇರಬಹುದು. ಒಮ್ಮೊಮ್ಮೆ ಎಷ್ಟು ಹುಡುಕಿದ್ರೂ ಸಿಗೂದಿಲ್ಲ. ಮುಂದಿನ ಸಲ ಮುಟ್ಟಿನ ದಿನಾ ತಪ್ಪಿದ ಕೂಡಲೇ ಬರ್ರಿ, ನೋಡಕೋತ ಹೋಗೂಣು. ಈಗ ಮಾತ್ರ ಅವಸರಾ ಬ್ಯಾಡ. ಮೊದಲ ರಕ್ತ ಏರಲಿ, ಗುಳಗಿ ಬಿಡಬ್ಯಾಡ್ರಿ. ಹಾಲಿಗೂ ಒಂದು ಗುಳಗಿ ಬರಕೊಟ್ಟೇನಿ. ತಣ್ಣನ ಬಟ್ಟಿ ಇಟಗೋರಿ, ಹಿಂಡಬ್ಯಾಡ್ರಿ. ಹಿಂಡಿದಷ್ಟೂ ಅದು ಬೇಕಾಗೈತಿ ಅಂತ ತಿಳಕೋತೈತಿ."

ಅಷ್ಟು ಸಿಂಪಲ್ ಮಾತು. ಬಸಿರು ಇಳಿದ ದಿನವೇ ಒಬ್ಬರು ಹೇಳಿದ್ದರೆ ನಾನು ಬಚ್ಚಲಲ್ಲಿ ನಿಂತು ನನ್ನ ಮೈಯನ್ನು ಬೈಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಗಂಡ ಬಂದರು, ಇನ್ನೂ ಖಾಕಿ ಬಟ್ಟೆಯಲ್ಲೇ. ಅವರ ಹಿಂದೆ ಅವ್ವ ಇದ್ದಳು. ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಹೋದಾಗ ಬಸ್ಸು ಇನ್ನೇನು ಇಂಡಿ ಬಿಡುವುದಿತ್ತಂತೆ. ಅವರು ಝಳಕಿ ಕ್ರಾಸಿಗೆ ಬಂದು ಅಣ್ಣನ ಕೈಯಿಂದ ಡಬ್ಬಿ ತಗೊಳ್ಳಲಿಲ್ಲ, "ಅವ್ವಗ ಕರಕೊಂಡ ಬಾ, ಬಸ್ ನಿಲ್ಲಸ್ತೇನಿ" ಅಂದರಂತೆ. ಬಸ್ಸಿನ ಮಂದಿಯೆಲ್ಲ ಕಾಯುತ್ತಾ ಕೂತರಂತೆ.

ಅವ್ವ ವಾರ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ನಾನು ಕೈ ಅಡ್ಡ ಮಾಡಿ, "ಬರಬ್ಯಾಡ, ವೈನಿ ಅದಾಳ ಮನ್ಯಾಗ" ಅಂದೆ.

"ಅಕಿ ಅದಾಳ. ನೀನೂ ಅದೀ," ಅಂದಳು. ಬಂದು ನನ್ನ ಹಾಸಿಗೆಯ ಮೇಲೇ ಕೂತು ಹಣೆ ಮುಟ್ಟಿದಳು. "ನಾ ಹೊಳ್ಳಿ ಝಳಕಿಗೆ ಹೋಗೂದಿಲ್ಲ. ಅಕಿ ಹಡಿಯೂತನಕ ಇಂಡ್ಯಾಗ ನಮ್ಮ ತಂಗಿ ಮನ್ಯಾಗ ಇರತೇನಿ. ನಿಮ್ಮ ಅಣ್ಣಗ ಹೇಳಿ ಬಂದೇನಿ. ಅವಂಗ ಸಿಟ್ಟ ಬಂದೈತಿ. ಬರಲಿ." ಆಮೇಲೆ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ಜ್ವರ ಬಂದಿದ್ದು ಯಾಕ ಹೇಳಲಿಲ್ಲ? ಸತ್ತಿದ್ರ? ನಾ ಅಲ್ಲಿ ಉಂಡಿ ಕಟ್ಟಕೋತ ಕುಂತಿರತಿದ್ದೆ!"

ಡಾಕ್ಟರು ಅದೇ ಹೊತ್ತಿಗೆ ಬಂದು, ಮನೆಯಲ್ಲಿ ಏನೇನು ಉಣ್ಣಿಸಿದಿರಿ ಎಂದು ಅವ್ವನನ್ನು ಕೇಳಿದರು. ಅವ್ವ ಸೆರಗು ಸರಿಮಾಡಿಕೊಂಡು ಒಂದೊಂದಾಗಿ ಹೇಳಿದಳು. ಹೇಳುತ್ತಾ ಹೇಳುತ್ತಾ, ಅಳವಿ ಎನ್ನುವಷ್ಟರಲ್ಲಿ, ಆಕೆಯ ಮಾತು ತಾನೇ ನಿಂತಿತು. ನನ್ನ ಎದೆಯ ಮೇಲಿನ ಒದ್ದೆ ಬಟ್ಟೆಯನ್ನು ನೋಡಿದಳು.

"ಅದರಿಂದ ಎಷ್ಟು ಬಂತೋ ಏನೋ, ಯಾರಿಗೂ ಗೊತ್ತಿಲ್ಲ," ಅಂದರು ಡಾಕ್ಟರು. "ಉಂಡಿಯಿಂದ ಇವರಿಗೆ ಹಿಂಗ ಆಗಿಲ್ಲವಾ. ನಂಜಿನಿಂದ ಆಗೈತಿ." ಹಾಗೆ ಹೇಳಿ ಮುಂದಿನ ಹಾಸಿಗೆಗೆ ಹೋದರು.

ಗಂಡ ಕಿಟಕಿಯ ಹತ್ತಿರ ನಿಂತಿದ್ದರು, ಟಿಕೆಟ್ ಮಷೀನಿನ ಚೀಲ ಇನ್ನೂ ಹೆಗಲಲ್ಲೇ ಇತ್ತು. ಪಕ್ಕದ ಹಾಸಿಗೆಯ ಕೂಸು ಅತ್ತು ಅತ್ತು ಸುಮ್ಮನಾಯಿತು. ಅವ್ವ ಅದರ ಕಡೆ ನೋಡಿ, ನನ್ನನ್ನು ನೋಡಿ, ಆಮೇಲೆ ನನ್ನ ಗಂಡನ ಕಡೆ ತಿರುಗಿ, ಯಾರೂ ಕೇಳದ್ದನ್ನು ನೆಟ್ಟಗೆ ಕೇಳಿಬಿಟ್ಟಳು.

"ಕೂಸು ಏನಿತ್ತ್ರಿ?"

ಅವರು ಕಿಟಕಿಯ ಸರಳು ಹಿಡಿದುಕೊಂಡು ಹೊರಗೇ ನೋಡುತ್ತಿದ್ದರು.

"ಹೆಣ್ಣ್ರಿ," ಅಂದರು.

"ನೀವು ನೋಡಿದ್ರಿ?"

"ನೋಡೇನ್ರಿ. ಹೊಲಕ್ಕ ಹೋದ ಮ್ಯಾಲೆ ಬಟ್ಟಿ ಬಿಚ್ಚಿ ನೋಡಿದೆ. ಕಣ್ಣ ಮುಚ್ಚಿದ್ದುವು. ಬೆರಳ ಎಲ್ಲಾ ಆಗಿದ್ದುವ್ರಿ." ಅವರು ಅಂಗೈಯಿಂದ ಮುಖ ಒರೆಸಿಕೊಂಡರು. "ಇಕಿ ಒಂದ ದಿನಾನೂ ಕೇಳಲಿಲ್ಲ. ನಾ ಹೇಳಿದ್ರ ಇಕಿಗೆ ಮತ್ತ ತ್ರಾಸ ಆದೀತು ಅಂತ ಸುಮ್ಮನಿದ್ದೆ."

ನಾನು ಹಾಸಿಗೆಯ ಮೇಲೆ ಎದ್ದು ಕೂತೆ. ಅವ್ವ ನನ್ನ ಬೆನ್ನಿಗೆ ಕೈ ಕೊಟ್ಟಳು.

"ಹೆಂಗ ಒಯ್ದ್ರಿ?" ಎಂದು ಕೇಳಿದೆ. ಅದು ನಾನು ಅವರಿಗೆ ಅದರ ಬಗ್ಗೆ ಕೇಳಿದ ಮೊದಲ ಮಾತು.

ಆಗ ಅವರು ನನ್ನ ಕಡೆ ತಿರುಗಿದರು.

"ಗಾಡಿ ತಮ್ಮ ಹೊಡದ, ನಾ ಹಿಂದ ಕುಂತಿದ್ದೆ. ಗೊಳಸಂಗಿ ತನಕ ಸ್ವೆಟರ್ ಒಳಗ, ಎದಿಗೆ ಹಚ್ಚಿ ಇಟಗೊಂಡಿದ್ದೆ," ಅಂದರು. ಯಾಕೆ ಎಂದು ನಾವು ಕೇಳಿರಲಿಲ್ಲ. ಆದರೂ ಹೇಳಿದರು.

"ಬಾಳ ಥಂಡಿ ಇತ್ತು ಅವತ್ತ."